ಬಲಗೈಗೆ ಎರಡು ದಿನ ರಜೆ

ಸುಧಾ ಅಂದು ಬೆಳಿಗ್ಗೆ ಎಡಗೈಯಲ್ಲಿ ರಂಗೋಲಿ ಹಾಕುತ್ತಿದ್ದಳು. ಕಮಲ ಬರೆಯಲು ಹೊರಟದ್ದು ಎಲೆಕೋಸಾಗಿತ್ತು. ಅದನ್ನಾದರೂ ಮುಗಿಸೋಣ ಎನ್ನುವಷ್ಟರಲ್ಲಿ ಎದುರುಮನೆಯ ಹಂಪವ್ವ ಕೊಡ ಕೆಳಗಿಟ್ಟು ಓಡಿಬಂದಳು.

"ಯಾಕವ್ವ ಸುಧಾ, ಬಲಗೈಗೆ ಏನಾತು?"

ಮುಚ್ಚಿಡುವಂಥದ್ದೇನಲ್ಲ ಎಂದು ಸುಧಾ ಹೇಳಿಬಿಟ್ಟಳು. ಹರಿಹರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಭುಜ ಹಿಡಿದುಕೊಂಡಿತ್ತು. ನಿನ್ನೆ ಡಾಕ್ಟರು ಕೀಲಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ಎರಡು ದಿನ ಆ ಕೈಗೆ ಬಿಡುವು ಕೊಡಬೇಕು, ಕೂತು ಮಾಡುವ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ, ಮಾತು ಕೇಳದಿದ್ದರೆ ಮತ್ತೊಮ್ಮೆ ಚುಚ್ಚಬೇಕಾದೀತು ಎಂದಿದ್ದರು. ಆ ಸೂಜಿಯನ್ನು ಮತ್ತೊಮ್ಮೆ ನೋಡುವ ಧೈರ್ಯವಿಲ್ಲದೆ ಸುಧಾ ಗಾರ್ಮೆಂಟ್ಸಿಗೆ ರಜೆ ಹೇಳಿದ್ದಳು.

ಹಂಪವ್ವನಿಗೆ ಗೊತ್ತಾದದ್ದು ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಓಣಿಗೆಲ್ಲ ಗೊತ್ತಾಗಲು ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಸುಧಾಳ ಗಂಡ ಪಾಳಿ ಕೆಲಸಕ್ಕೆ ಹೋಗುತ್ತಲೇ ಮಾತಾಡಿಸುವವರು ಬರತೊಡಗಿದರು. ಒಬ್ಬರು ಐಸ್ ಇಡು ಎಂದರು, ಇನ್ನೊಬ್ಬರು ಉಪ್ಪಿನ ಶಾಖ ಎಂದರು, ಪಕ್ಕದೂರು ಬಾತಿಯಿಂದ ಬಂದವರೊಬ್ಬರು ಎಣ್ಣೆ ಬಾಟಲಿಯನ್ನೇ ತಂದಿದ್ದರು. ಕೈ ಮಾತ್ರ ಅಲ್ಲಾಡಿಸಬೇಡ ಎಂಬುದರಲ್ಲಿ ಎಲ್ಲರೂ ಒಂದೇ. ಆದರೆ ನೋಡಲು ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಸುಧಾ ಚಾ ಕಾಸಿದಳು, ಸೋಸಿದಳು, ಲೋಟ ತೊಳೆದಳು, ಮತ್ತೆ ಕಾಸಿದಳು. ಲೋಕಿಕೆರೆಯ ಚಿಕ್ಕಮ್ಮ ಬಂದಾಗ ಮಂಡಕ್ಕಿಗೂ ಒಗ್ಗರಣೆ ಹಾಕಿದಳು.

ಶಾಲೆಗೆ ರಜೆಯಿದ್ದ ಪುಟ್ಟ ಮಗಳು ಸಹನಾ ಸೆರಗು ಜಗ್ಗಿ, "ಅಮ್ಮಾ, ಒಂದ್ ಕೇಳ್ಲಾ?" ಎನ್ನುತ್ತಲೇ ಇದ್ದಳು. ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕು ಎಂದು ಸುಧಾ ಅವಳ ತಲೆ ಸವರುತ್ತಲೇ ಇದ್ದಳು.

ಮಧ್ಯಾಹ್ನದ ಹೊತ್ತಿಗೆ ಭುಜ ಕುಕ್ಕರಿನಂತೆ ಬುಸುಗುಡತೊಡಗಿತು. ಇನ್ನು ಮನೆಯಲ್ಲಿದ್ದರೆ ಎರಡನೆಯ ಸೂಜಿ ಖಂಡಿತ. ಅದಕ್ಕಿಂತ ಗಾರ್ಮೆಂಟ್ಸಿಗೇ ಹೋಗಿ, ಸೂಪರ್‌ವೈಸರ್ ಕೊಟ್ಟೂರೇಶಣ್ಣನನ್ನು ಕೇಳಿ, ಹೊಲಿದ ಅಂಗಿಗಳ ಗುಂಡಿ ನೋಡುತ್ತ ಕೂತರೆ ಕೈಗೆ ವಿಶ್ರಾಂತಿಯಾದರೂ ಸಿಕ್ಕೀತು. ಅಲ್ಲಿ ಚಾ ಬೇರೆಯವರು ತಂದು ಕೊಡುತ್ತಾರೆ. ಸುಧಾ ಬೀಗದ ಕೈಯನ್ನು ವಾಡಿಕೆಯಂತೆ ಹಂಪವ್ವನಿಗೆ ಕೊಟ್ಟು, ಮಗಳೊಂದಿಗೆ ಹರಿಹರದ ಬಸ್ಸು ಹತ್ತಿದಳು.

ಗಾರ್ಮೆಂಟ್ಸಿನ ಗೇಟು ಮುಚ್ಚಿತ್ತು. ವಾಚ್‌ಮನ್ ಮಕ್ತುಮ್ ಸಾಬ್ ದೆವ್ವ ಕಂಡವನಂತೆ ಎದ್ದು ನಿಂತ.

"ನೀವ್ ಇಲ್ಲಿ ಅದೀರಾ? ಕರೆಂಟ್ ಹೋತ್ರಿ ಅಕ್ಕಾ. ಸುಮ್ನೆ ಕುಂತು ಏನ್ ಮಾಡೋದು ಅಂತ ಎಲ್ಲಾರೂ ನಿಮ್ಮನ್ನ ಮಾತಾಡ್ಸಾಕ ದಾವಣಗೆರೆಗೆ ಹೋದ್ರಲ್ರಿ."

"ಎಲ್ಲಾರೂ?"

"ಕಟಿಂಗ್ ಸೆಕ್ಷನ್‌ನೋರೂ."

ಸುಧಾ ಮಗಳ ಕೈ ಹಿಡಿದು ಬಸ್‌ಸ್ಟಾಪಿನತ್ತ ತಿರುಗಿದಳು. ಮರಳುವ ಬಸ್ಸಿನಲ್ಲಿ ಮನೆಯಲ್ಲಿರುವ ಲೋಟಗಳನ್ನು ಲೆಕ್ಕ ಹಾಕಿದಳು.

ಮನೆಯ ಬಾಗಿಲಲ್ಲಿ ಮದುವೆಮನೆಯಷ್ಟು ಚಪ್ಪಲಿಗಳಿದ್ದವು. ಹಂಪವ್ವ ಬೀಗ ತೆಗೆದು ಎಲ್ಲರನ್ನೂ ಕೂರಿಸಿ, ತನ್ನ ಮನೆಯ ದೊಡ್ಡ ಪಾತ್ರೆಯನ್ನೂ ತಂದು ಒಲೆಯ ಮೇಲಿಟ್ಟಿದ್ದಳು. ಚಾಪುಡಿ ಎಷ್ಟು ಹಾಕುತ್ತೀಯೋ ತಿಳಿಯದೆ ಕಾಯುತ್ತಿದ್ದೆ ಎಂದಳು.

ಕೊಟ್ಟೂರೇಶ್ ಕುರ್ಚಿಯಿಂದಲೇ ಕೈ ಅಡ್ಡ ಹಿಡಿದ. "ಕೂಡ್ರವ್ವ ಸುಧಾ, ಆ ಕೈ ಅಲ್ಲಾಡಿಸಬ್ಯಾಡ." ಆಮೇಲೆ ದನಿ ತಗ್ಗಿಸಿ, "ನಂಗ್ ಮಾತ್ರ ಸಕ್ರಿ ಕಮ್ಮಿ ಇರ್ಲಿ," ಎಂದ.

ಸುಧಾ ಪಾತ್ರೆಗೆ ಕೈ ಹಾಕಿದಳು. ಸಹನಾ ಈ ಸಲ ಸೆರಗು ಜಗ್ಗಲಿಲ್ಲ. ನಡುಮನೆಯ ಮಧ್ಯೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು:

"ಅಮ್ಮಾ, ಕೈನೋವು ನಿಂಗಲ್ವಾ? ನೋಡಾಕ ಬಂದೋರಿಗೆಲ್ಲಾ ನೀನ್ಯಾಕ ಚಾ ಮಾಡ್ತೀಯ?"