ಹಗ್ಗ ಹಿಡಿದವರ ಪಾಲು

ಮುರ್ಡೇಶ್ವರದ ಪಕ್ಕದ ಮೀನುಗಾರರ ಕೇರಿಯ ರಸ್ತೆಗೆ ಅಡ್ಡ ಒಂದು ಹಂಪು ಬೇಕು, ಮೀನು ಲಾರಿಗಳು ಮೈಮೇಲೆಯೇ ಬರುತ್ತವೆ ಎಂದು ನಾಲ್ಕು ವರ್ಷದ ಹಿಂದೆ ಪಂಚಾಯತಿಗೆ ಅರ್ಜಿ ಬರೆದವನು ಬೇರೆ ಯಾರೂ ಅಲ್ಲ, ದಿನೇಶ. ಆಗ ಅವನು ಓಡಾಡುತ್ತಿದ್ದದ್ದು ಸ್ಕೂಟರಿನಲ್ಲಿ. ಸರಕಾರದ ಕೆಲಸ ತಡವಾಗಬಹುದು, ಆದರೆ ಬೇಡವಾದ ದಿನ ಸರಿಯಾಗಿ ಆಗಿಯೇ ಆಗುತ್ತದೆ. ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತ ಗೇಟಿಗೆ ಬಂದು ನೋಡಿದರೆ, ಕೇರಿಯ ಬಾಯಿಗೆ ಅಡ್ಡಲಾಗಿ ಡಾಂಬರಿನ ಹಂಪು, ಹೊಟ್ಟೆ ತುಂಬಿದ ಎಮ್ಮೆ ಮಲಗಿದ ಹಾಗೆ ಮಲಗಿತ್ತು. ದಿನೇಶನ ಬಾಯಲ್ಲಿದ್ದ ಬ್ರಶ್ಶು ಅಲ್ಲಿಯೇ ನಿಂತಿತು.

ಹಂಪಿಗೆ ಹೆದರುವವನು ಎಂಥ ಗಂಡಸು ಎನ್ನಬೇಡಿ. ದಿನೇಶನ ಬಲೆ ಇಡುವ ಶೆಡ್ಡಿನಲ್ಲಿ ಈಗ ಇದ್ದದ್ದು ಇಟಲಿಯ ಕಾರು. ಅಂಥವು ಇಡೀ ಲೋಕಕ್ಕೆ ಮೂವತ್ತೇ ಇವೆಯಂತೆ. ಐದು ಮಾಲಕರ ಕೈ ದಾಟಿ ಆರನೆಯವನಾದ ದಿನೇಶನ ಕೈಗೆ ಬಂದಿತ್ತು. ಗಂಟೆಗೆ ಮುನ್ನೂರೈವತ್ತು ಕಿಲೋಮೀಟರ್ ಓಡುವ ಆ ಕಾರು ನೆಲದಿಂದ ಇದ್ದದ್ದು ನಾಲ್ಕೇ ಬೆರಳು ಮೇಲೆ. ಮರಳಿಗೆ ಅಂಟಿಕೊಂಡು ಮಲಗುವ ಚಪ್ಪಟೆ ಮೀನನ್ನು ನೆನೆದು ಕೇರಿಯ ಮಕ್ಕಳು ಅದಕ್ಕೆ 'ತೊರ್ಕೆ' ಎಂದು ಹೆಸರಿಟ್ಟಿದ್ದರು.

ಇಂಥದ್ದನ್ನು ಅವನು ಕೊಂಡದ್ದಾದರೂ ಯಾಕೆ? ಭಟ್ಕಳದ ಒಂದು ದೊಡ್ಡ ಮದುವೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ತನ್ನದೇ ಮೀನು ಲಾರಿಯಲ್ಲಿ ಹೋಗಿದ್ದ. ಗೇಟಿನಲ್ಲಿದ್ದವನು ಅವನ ಕೈಯಲ್ಲಿದ್ದ ಉಡುಗೊರೆ ನೋಡದೆ, "ಸಾಮಾನು ಹಿಂದಿನ ಬಾಗ್ಲಲ್ಲಿ ಇಳಿಸು" ಎಂದುಬಿಟ್ಟ. ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಹೆದ್ದಾರಿ ಅಗಲ ಮಾಡುವಾಗ ಜಾಗ ಹೋಗಿ ಪರಿಹಾರ ಬಂತು. ಅದು ಸಾಲದೆ ಐಸಿನ ಕಾರ್ಖಾನೆ ಹೋಯಿತು, ಅದೂ ಸಾಲದೆ ಅಪ್ಪ ಬಿಟ್ಟುಹೋದ ಬೋಟೂ ಹೋಯಿತು. ಮುಂಬೈಯಿಂದ ತೊರ್ಕೆ ಬಂತು. ಎರಡು ವರ್ಷದಲ್ಲಿ ಓಡಿದ್ದು ಇನ್ನೂರ ಹನ್ನೆರಡು ಕಿಲೋಮೀಟರ್. ಉಳಿದ ಹೊತ್ತೆಲ್ಲ ಬ್ಯಾಟರಿ ಸಾಯದ ಹಾಗೆ ಕರೆಂಟಿನ ವಯರು ಚುಚ್ಚಿಕೊಂಡು ಮಲಗಿರುತ್ತಿತ್ತು, ಪಕ್ಕದಲ್ಲಿ ದಿನೇಶ ಕಾವಲು ಕೂತಿರುತ್ತಿದ್ದ. ಆಸ್ಪತ್ರೆಯಲ್ಲಿ ಸಲೈನು ಹಾಕಿಸಿಕೊಂಡ ದೊಡ್ಡಪ್ಪನ ಹತ್ತಿರವೂ ಮನೆಯವರು ಅಷ್ಟು ಹೊತ್ತು ಕೂತಿರಲಿಕ್ಕಿಲ್ಲ.

ಕಡೆಗೂ ಬುದ್ಧಿ ಬಂದಿತ್ತು. ಕುಮಟಾದ ದಲ್ಲಾಳಿ ಸಂತೋಷ ಬೆಂಗಳೂರಿನ ಒಂದು ಪಾರ್ಟಿ ಹುಡುಕಿದ್ದ. ಹನ್ನೊಂದು ಗಂಟೆಗೆ ಕಡಲ ಬದಿಯ ಹೊಟೇಲಿನಲ್ಲಿ ಕಾರು ತೋರಿಸುವುದು, ಅಲ್ಲೇ ಮುಂಗಡ ತೆಗೆದುಕೊಳ್ಳುವುದು. ಬೋಟು ಕೊಂಡಿದ್ದ ಹೊನ್ನಾವರದವನು, "ಇವತ್ತು ಸಂಜೆಯೊಳಗೆ ದುಡ್ಡು ತಂದ್ರೆ ಬೋಟು ವಾಪಸ್ಸು, ಇಲ್ಲದಿದ್ರೆ ನಾಳೆ ಮಲ್ಪೆಯವ್ರಿಗೆ ಮಾರೂದೇ" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಇದು ದಿನೇಶನಿಗೆ ಮತ್ತು ಹೆಂಡತಿ ಸುಚಿತಾಳಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಮೆರವಣಿಗೆ ಮಾಡಿ ತಂದದ್ದನ್ನು ಮಾರುತ್ತಿದ್ದೇನೆ ಎಂದು ಯಾವ ಮುಖ ಹೊತ್ತು ಹೇಳುವುದು? ಊರಿಗೆಲ್ಲ 'ಸರ್ವೀಸಿಗೆ ಒಯ್ಯುತ್ತಿದ್ದೇನೆ' ಎಂದಿದ್ದ.

"ಎಂತಾ ತಮಾ, ಹಂಪನ್ನ ಅಷ್ಟು ನೋಡ್ತೆ?" ಎಂದಳು ಮೀನಿನ ಬುಟ್ಟಿ ಹೊತ್ತು ಬಂದ ಪಕ್ಕದ ಮನೆಯ ತಿಮ್ಮಕ್ಕ. "ನೀನೇ ಬರ್ದದ್ದಲ ಅರ್ಜಿ? ಪಂಚಾಯ್ತಿಯವ್ರು ನಿನ್ನ ಹೆಸ್ರಲ್ಲಿ ಬೋರ್ಡ್ ಹಾಕ್ಬೇಕು."

"ಕಾರ್ ಸರ್ವೀಸಿಗೆ ಒಯ್ಬೇಕಾಗಿತ್ತು ತಿಮ್ಮಕ್ಕಾ."

ಅಷ್ಟು ಸಾಕಾಯಿತು. ಹತ್ತು ನಿಮಿಷದಲ್ಲಿ ಕೇರಿಗೆ ಕೇರಿಯೇ ಹಂಪಿನ ಹತ್ತಿರ ಸೇರಿತು. ಒಬ್ಬ ಹಲಗೆ ತಂದ, ಇನ್ನೊಬ್ಬ ಮೀನಿನ ಕ್ರೇಟು ತಂದ, ಮತ್ತೊಬ್ಬ "ವಾರೆ ತಕಾ, ವಾರೆ ತಕಾ" ಎಂದು ಕೈ ಬೀಸಿದ. ದಿನೇಶ ಕಾರನ್ನು ಓರೆ ಮಾಡಿ ಹಂಪಿಗೆ ತಂದ. ಮುಂದಿನ ಕೆಳತುಟಿ ಹಂಪಿಗೆ ತಾಗಿ 'ಕರ್ರ್' ಎಂದಿತು. ಆ ತುಟಿಯನ್ನು ಇಟಲಿಯಿಂದ ತರಿಸಲು ಕೊಟ್ಟ ದುಡ್ಡು ನೆನಪಾಗಿ ಅವನು ಕಾರನ್ನು ಅಲ್ಲೇ ನಿಲ್ಲಿಸಿಬಿಟ್ಟ.

"ಬಿಡು, ಕಡಲ ಬದಿಯಿಂದ ಹೋಗು" ಎಂದಳು ತಿಮ್ಮಕ್ಕ. "ಈಗ ಇಳಿತ. ಹಸಿ ಮರಳು ಸಿಮೆಂಟ್ ಇದ್ದಾಂಗೆ ಅದೆ. ನನ್ನ ಮಗ ದಿನಾ ರಿಕ್ಷಾ ಹೊಡ್ಕಂಡು ಹೋಗ್ತ."

ಗಡಿಯಾರ ಹತ್ತು ದಾಟಿತ್ತು. ಬೇರೆ ದಾರಿ ಇರಲಿಲ್ಲ. ದಿನೇಶ ಕಾರನ್ನು ಹಿಂದಕ್ಕೆ ತೆಗೆದು ಕೇರಿಯ ಆ ತುದಿಯಿಂದ ಮರಳಿಗೆ ಇಳಿಸಿದ. ನಿಜಕ್ಕೂ ಗಟ್ಟಿಯಾಗಿತ್ತು. ಕಾರು ನುಣ್ಣಗೆ ಹೋಯಿತು. ಒಂದು ಕಡೆ ಕಡಲು, ಎದುರಿಗೆ ಹೊಟೇಲು. ಎರಡು ವರ್ಷದಲ್ಲಿ ಮೊದಲ ಸಲ ದಿನೇಶನಿಗೆ ತಾನು ಕಾರು ಕೊಂಡದ್ದು ತಪ್ಪಲ್ಲವೇನೋ ಅನ್ನಿಸಿತು.

ಹಾಗೆ ಅನ್ನಿಸಿದ ಮರುಗಳಿಗೆಯಲ್ಲಿ ಹಗ್ಗ ಕಂಡಿತು. ದಡದಲ್ಲಿ ನಿಂತೇ ರಂಪಣಿ ಬಲೆ ಎಳೆಯುವವರು ಆಗಷ್ಟೇ ಅದನ್ನು ಮೇಲೆ ತಂದಿದ್ದರು, ಅದರ ಉದ್ದ ಹಗ್ಗ ಮರಳಿನ ಮೇಲೆ ಅಡ್ಡ ಬಿದ್ದಿತ್ತು. ದಿನೇಶ ಬ್ರೇಕು ಒತ್ತಿದ. ಮರಳಿನಲ್ಲಿ ಓಡುವಷ್ಟು ಹೊತ್ತು ಗಾಡಿ, ನಿಂತರೆ ಕಂಬ. ಮತ್ತೆ ಎಕ್ಸಲರೇಟರ್ ಕೊಟ್ಟಾಗ ಹಿಂದಿನ ಚಕ್ರಗಳು ಗುಂಡಿ ತೋಡಿದವು, ಕಾರು ಹೊಟ್ಟೆ ಊರಿ ಕೂತಿತು, ಎಂಜಿನು ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಹಗ್ಗ ಸುತ್ತುತ್ತಿದ್ದ ಮುದುಕ ತಿರುಗಿ ನೋಡಿದ. ನಾಗಣ್ಣ. ಇಪ್ಪತ್ತು ವರ್ಷ ದಿನೇಶನ ಬೋಟಿನ ತಾಂಡೇಲನಾಗಿದ್ದವನು, ಚುಕ್ಕಾಣಿ ಅವನ ಕೈಯಲ್ಲೇ ಇತ್ತು. ಅವನ ಹಿಂದೆ ನಿಂತ ಏಳು ಜನರೂ ಅದೇ ಬೋಟಿನಲ್ಲಿ ದುಡಿದ ಕಲಾಸಿಗಳು. ಬೋಟು ಮಾರಿದ ದಿನ ಅವರಿಗೆಲ್ಲ ಕೆಲಸ ಹೋಗಿತ್ತು. ಈಗ ದಡದಲ್ಲಿ ನಿಂತು ಸಿಕ್ಕಷ್ಟಕ್ಕೆ ರಂಪಣಿ ಎಳೆಯುತ್ತಿದ್ದರು. ಎರಡು ವರ್ಷ ದಿನೇಶ ಅವರ ಎದುರು ಬೀಳದ ಹಾಗೆ ಸುತ್ತುದಾರಿ ಹಿಡಿದು ನಡೆದಿದ್ದ. ಇವತ್ತು ಅವರ ಮಧ್ಯಕ್ಕೇ ಬಂದು ಹೂತುಕೊಂಡಿದ್ದ. ಮರಳು ಇನ್ನೂ ಸ್ವಲ್ಪ ನುಂಗಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವನಿಗೆ.

"ದಿನೇಶಾ, ನೀರು ಏರೂಕೆ ಸುರು ಆತು" ಎಂದ ನಾಗಣ್ಣ. ಬೇರೇನೂ ಕೇಳಲಿಲ್ಲ. "ಅರ್ಧ ಗಂಟೆ. ಆಮೇಲೆ ನಿನ್ನ ಕಾರು ಕಡ್ಲಿಗೆ. ಹಗ್ಗ ಕಟ್ರಾ!"

ಹಿಂದಿನ ಕೊಂಡಿಗೆ ರಂಪಣಿ ಹಗ್ಗ ಬಿತ್ತು. ಸ್ಟೇರಿಂಗಿಗೆ ಹಗುರ ಜನ ಬೇಕು, ದಿನೇಶನ ಭಾರ ಕಾರಿಗೆ ಬೇಡ ಎಂದು ತೀರ್ಮಾನವಾಯಿತು. ಓಡಿ ಬಂದಿದ್ದ ಸುಚಿತಾಳನ್ನೇ ಕೂರಿಸಿದರು. ಆ ಕಾರಿನಲ್ಲಿ ಕಾಲಿಡುವುದಿಲ್ಲ ಎಂದು ಎರಡು ವರ್ಷದಿಂದ ಹಟ ಹಿಡಿದವಳು ಹಲ್ಲು ಕಚ್ಚಿಕೊಂಡು ಕೂತಳು. ನಲವತ್ತು ಜನ ಸಾಲಾಗಿ ಹಗ್ಗ ಹಿಡಿದರು: ಕಲಾಸಿಗಳು, ಕೇರಿಯವರು, ಮೀನು ಮಾರುವ ಹೆಂಗಸರು, ಈಜಲು ಬಂದಿದ್ದ ನಾಲ್ಕಾರು ಪ್ರವಾಸಿಗಳು. ದಿನೇಶ ಕೊನೆಯಲ್ಲಿ, ಒದ್ದೆ ಚಡ್ಡಿಯ ಒಬ್ಬ ಪ್ರವಾಸಿಯ ಹಿಂದೆ ನಿಂತ.

"ಯಾರದ್ದು ಈ ಕಾರು?" ಎಂದು ಕೇಳಿದ ಪ್ರವಾಸಿ.

ದಿನೇಶ ಹಗ್ಗ ಇನ್ನಷ್ಟು ಬಿಗಿ ಹಿಡಿದುಕೊಂಡ. "ಯಾರದೋ" ಎಂದ.

"ಇಂಥ ಕಾರನ್ನು ಮರಳಿಗೆ ಇಳಿಸಿದ್ದಾನಲ್ಲ, ತಲೆ ಸರಿ ಇಲ್ಲವಾ ಅವನಿಗೆ?"

"ಇಲ್ಲ ಸಾರ್" ಎಂದ ದಿನೇಶ, ಮನಸ್ಸಿನಿಂದ.

"ಐಸಾ!" ಎಂದ ನಾಗಣ್ಣ. ನಲವತ್ತು ಜನ "ಐಸಾ!" ಎಂದರು. ಹಗ್ಗ ಬಿಗಿಯಿತು, ಕಾರು ನರಳಿತು, ಅಲೆಯೊಂದು ಬಂದು ಮುಂದಿನ ಚಕ್ರ ತೊಳೆದು ಹೋಯಿತು. ಇಪ್ಪತ್ತು ಐಸಾಕ್ಕೆ ಕಾರು ಗುಂಡಿಯಿಂದ ಎದ್ದಿತು, ಮತ್ತೆ ನಲವತ್ತಕ್ಕೆ ಇಳಿದುಬಂದ ಜಾಗಕ್ಕೇ ಹೋಗಿ ನಿಂತಿತು. ಎಲ್ಲರೂ ಏದುಸಿರು ಬಿಡುತ್ತ ಮರಳಿನಲ್ಲಿ ಕೂತರು. ದಿನೇಶ ಎಲ್ಲರಿಗೂ ಕೈ ಮುಗಿದ. ಅಲ್ಲಿಗೆ ಮುಗಿಯಬೇಕಿತ್ತು.

"ಪಾಲು ಯಾವಾಗ?" ಎಂದಳು ತಿಮ್ಮಕ್ಕ.

"ಎಂತ ಪಾಲು?"

"ಎಂತ ಪಾಲು ಅಂದ್ರೆ? ರಂಪಣಿ ಹಗ್ಗ ಹಿಡ್ದವ್ರಿಗೆ ಪಾಲು ಅದೆ. ನಿನ್ನ ಅಜ್ಜನ ಕಾಲ್ದಿಂದ ಅದೆ. ಬಂಗ್ಡೆ ಬಂದ್ರೆ ಬಂಗ್ಡೆ, ಕಾರು ಬಂದ್ರೆ ಕಾರು."

ಜನ ನಕ್ಕರು, ಆದರೆ ಯಾರೂ ಏಳಲಿಲ್ಲ. ಬೆಳಗಿನ ಬಲೆಗೆ ಬಿದ್ದದ್ದು ಎರಡೇ ಬುಟ್ಟಿ ತಾರ್ಲೆ. ಒಬ್ಬೊಬ್ಬರಿಗೆ ಹತ್ತು ಮೀನೂ ಬಂದಿರಲಿಲ್ಲ. "ಒಂದೊಂದು ರೌಂಡ್ ಹೊಡ್ಸಿದ್ರೂ ಆತು" ಎಂದ ಒಬ್ಬ ಕಲಾಸಿ ದೊಡ್ಡ ಮನಸ್ಸು ಮಾಡಿ.

"ರೌಂಡ್ ಎಲ್ಲಿಂದ ಹೊಡಿಸ್ತ್ರು?" ಎಂದಳು ಸುಚಿತಾ ಕಾರಿನೊಳಗಿನಿಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. "ಇವತ್ತು ಹನ್ನೊಂದಕ್ಕೆ ಮಾರೂದಲಾ ಇದನ್ನ?"

"ಸರ್ವೀಸು ಅಂದಿದ್ಯಲ ತಮಾ?" ಎಂದಳು ತಿಮ್ಮಕ್ಕ ನಿಧಾನಕ್ಕೆ. ದಿನೇಶನ ಕಿವಿ ಕೆಂಪಾಯಿತು. ಸುಳ್ಳು ಸಿಕ್ಕಿಬಿದ್ದದ್ದಕ್ಕಿಂತ, ಅವರೆಲ್ಲ ತನ್ನನ್ನು ಕಂಡು ಅಯ್ಯೋ ಅಂದುಕೊಳ್ಳುತ್ತಿರಬಹುದು ಎಂಬುದೇ ಹೆಚ್ಚು ಚುಚ್ಚಿತು. ಆದರೆ ಅಯ್ಯೋ ಅನ್ನುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮಾರುವುದಾದರೆ ರೌಂಡು ಯಾಕೆ, ದುಡ್ಡಿನಲ್ಲೇ ಪಾಲು ಬರುತ್ತದಲ್ಲ ಎಂದು ನಲವತ್ತು ತಲೆಗಳಲ್ಲಿ ಒಂದೇ ಲೆಕ್ಕ ನಡೆದಿತ್ತು. ಒಬ್ಬ ಆಗಲೇ ಮನೆಗೆ ಹೊಸ ಹೆಂಚು ಹೊದಿಸುವ ಮಾತಾಡುತ್ತಿದ್ದ.

ಹೀಗೆ ಹಂಚಿದರೆ ಬೋಟು ಹೋಯಿತು. ದಿನೇಶನಿಗೆ ತಟ್ಟನೆ ಅಪ್ಪನ ಕಾಲದ ಬೋಟಿನ ಲೆಕ್ಕ ನೆನಪಾಯಿತು.

"ಆತು, ಪಾಲು ಕೊಡ್ತೆ!" ಎಂದು ಗಟ್ಟಿಯಾಗಿ ಕೂಗಿದ. "ಆದ್ರೆ ನಾಗಣ್ಣಾ, ನೀ ತಾಂಡೇಲ, ನೀನೇ ಹೇಳು. ಮೊದ್ಲು ಖರ್ಚು ಕಳ್ದು ಆಮೇಲೆ ಪಾಲೋ, ಅಲ್ವೋ?"

"ಖರ್ಚು ಕಳ್ದೇ ಪಾಲು" ಎಂದ ನಾಗಣ್ಣ. "ಲುಕ್ಸಾನು ಆದ್ರೆ ಅದ್ರಲ್ಲೂ ಪಾಲು."

"ಹಾಗಾದ್ರೆ ಕೇಳಿ!" ದಿನೇಶ ಹಗ್ಗದ ರಾಶಿಯ ಮೇಲೆ ಹತ್ತಿ ನಿಂತ. "ಎಂಜಿನ್ನಿನ ಎಣ್ಣೆ ಬದಲಿಸೂಕೆ ಮುಂಬೈಯಿಂದ ಮೇಸ್ತ್ರಿ ವಿಮಾನದಲ್ಲಿ ಬರ್ತ. ಬಂದವ ಪಾಪ್ಲೆಟ್ ಬಿಟ್ಟು ಬೇರೆ ಮೀನು ಮುಟ್ಟೂದಿಲ್ಲ. ನಾಲ್ಕು ಟಾಯರಿನ ದುಡ್ಡಲ್ಲಿ ಒಂದು ಹೊಸ ರಂಪಣಿ ಬಲೆ ಬರ್ತದೆ. ಇನ್ಶೂರೆನ್ಸು, ಟ್ಯಾಕ್ಸು, ಕರೆಂಟು ಬೇರೆ. ಹೋದ ವರ್ಷ ಇದಕ್ಕೆ ಸುರಿದದ್ದು ಮೂವತ್ತು ಲಕ್ಷ!"

ನಾಗಣ್ಣ ಬೆರಳು ಮಡಚಿದ. "ನಲ್ವತ್ತು ಜನ... ತಲೆಗೆ ಎಪ್ಪತ್ತೈದು ಸಾವಿರ ಬರ್ತದಲಾ!"

"ಬರೂದಲ್ಲ ನಾಗಣ್ಣ, ಕೊಡೂದು!"

ಹೆಂಚಿನವನು ಎದ್ದು ಚಡ್ಡಿಯ ಮರಳು ಕೊಡವಿಕೊಂಡ. ಗೆಲುವಿನ ರುಚಿ ಹತ್ತಿದ ದಿನೇಶ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಇನ್ನೂ ಅದೆ! ಗೇರ್ ಬಾಕ್ಸ್ ಹೋಗಿದೆ. ಮೂರನೇ ಗೇರು ಬಿದ್ರೆ ಬಿತ್ತು, ಇಲ್ಲದಿದ್ರೆ ಇಲ್ಲ. ರಿಪೇರಿಗೆ ಎರಡು ಬೋಟಿನ ದುಡ್ಡು ಬೇಕು. ಆ ಬೆಂಗ್ಳೂರ ಪಾರ್ಟಿಗೆ ನಾ ಇದೊಂದೂ ಹೇಳ್ಲಿಲ್ಲ. ಅವ ಯಾರೋ ಹುಂಬ, ಅವನ ತಲೆಗೆ ಕಟ್ಟೂಕೆ ಹೊರಟದ್ದು. ಈಗ ಉಪ್ಪುನೀರೂ ಒಳ್ಗೆ ಹೋಗಿದೆ. ಹೇಳಿ, ಯಾರಿಗೆಲ್ಲ ಪಾಲು ಬೇಕು?"

ದಡ ಖಾಲಿಯಾಗತೊಡಗಿತು. ಒಬ್ಬನಿಗೆ ರೇಶನ್ ಅಂಗಡಿ ನೆನಪಾಯಿತು, ಇನ್ನೊಬ್ಬನಿಗೆ ಒಲೆಯ ಮೇಲಿಟ್ಟ ಗಂಜಿ. "ನಾ ಹಗ್ಗ ಮುಟ್ಟೇ ಇಲ್ಲ ತಮಾ" ಎಂದಳು ತಿಮ್ಮಕ್ಕ, "ಬದೀಗೆ ನಿಂತು ಬೊಬ್ಬೆ ಹೊಡ್ದದ್ದು ಅಷ್ಟೇ." ಕ್ಷಣದಲ್ಲಿ ಉಳಿದದ್ದು ನಾಗಣ್ಣ, ಏಳು ಕಲಾಸಿಗಳು, ಆ ಒದ್ದೆ ಚಡ್ಡಿಯ ಪ್ರವಾಸಿ. ದಿನೇಶ ಹಗ್ಗದ ರಾಶಿಯಿಂದ ಇಳಿದು ಗಡಿಯಾರ ನೋಡಿದ. ಹನ್ನೊಂದಕ್ಕೆ ಹತ್ತು ನಿಮಿಷ. ಇನ್ನೂ ಹೊತ್ತಿತ್ತು.

ಪ್ರವಾಸಿ ಕೈಯ ಮರಳು ಒರೆಸಿಕೊಂಡ. "ನನ್ನ ಪಾಲೂ ಬೇಡ."

"ಅಯ್ಯೋ, ನಿಮ್ಗೆಂತ ಪಾಲು ಸಾರ್? ನೀವು ಪ್ರವಾಸಕ್ಕೆ ಬಂದವ್ರು."

"ಪ್ರವಾಸಕ್ಕಲ್ಲ. ನಿನ್ನೆ ಬಂದು ಹೊಟೇಲಿನಲ್ಲಿ ಉಳಿದಿದ್ದೆ, ಹನ್ನೊಂದು ಗಂಟೆಯವರೆಗೆ ಈಜೋಣ ಅಂತ ಇಳಿದೆ." ಅವನು ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾದದ್ದು. "ಸಂತೋಷ ಹೇಳಿದ ಪಾರ್ಟಿ ನಾನೇ. ಕಾರು ನೋಡಿದಾಗಲೇ ಗುರುತು ಸಿಕ್ಕಿತ್ತು, ಮಾಲಕ ಯಾರು ಅಂತ ಈಗ ಗೊತ್ತಾಯ್ತು. ಹುಂಬ ಅಂದ್ರಲ್ಲ, ಅವನು. ಗೇರ್ ಬಾಕ್ಸಿನ ವಿಷಯ ಹೇಳಿದ್ದಕ್ಕೆ ಉಪಕಾರವಾಯ್ತು." ನಮಸ್ಕಾರ ಮಾಡಿ ಹೊಟೇಲಿನ ಕಡೆಗೆ ಹೊರಟ. ಮರಳಿನ ಮೇಲೆ ಅವನ ಹೆಜ್ಜೆಗಳು ನೇರವಾಗಿ ಹೋದವು.

ದಿನೇಶ ಅಲ್ಲೇ ಕುಸಿದು ಕೂತ. ಸುಚಿತಾ ಕಾರಿನಿಂದ ಇಳಿದು ನೇರ ಮನೆಯ ಕಡೆ ನಡೆದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನಾಗಣ್ಣ ಕಾರಿನ ಕೊಂಡಿಯಿಂದ ಹಗ್ಗ ಬಿಚ್ಚುತ್ತ ಕೇಳಿದ, "ಮಾರಿದ ದುಡ್ಡಲ್ಲಿ ಎಂತ ಮಾಡ್ತಿದ್ದೆ?"

"ಬೋಟು ವಾಪಸ್ ತರ್ತಿದ್ದೆ ನಾಗಣ್ಣ. ಸಂಜೆಯೊಳಗೆ ದುಡ್ಡು ಕೊಟ್ರೆ ಕೊಡ್ತೆ ಅಂದಿದ್ದ ಹೊನ್ನಾವರದವ."

ಏಳು ಕಲಾಸಿಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಗಣ್ಣನ ಕೈ ಗಂಟಿನ ಮೇಲೆ ನಿಂತಿತು.

"ಅದೊಂದು ಮಾತು ಮೊದ್ಲೇ ಹೇಳಿದ್ರೆ," ಎಂದ, "ನಮ್ಮಲ್ಲಿ ಒಬ್ಬನಾದ್ರೂ ಪಾಲು ಕೇಳ್ತಿದ್ನಾ? ಕೇಳ್ದವ್ರ ಬಾಯಿ ನಾವೇ ಮುಚ್ಚಿಸ್ತಿದ್ವಲ."

ದಿನೇಶನಿಗೆ ತಲೆ ಎತ್ತಲಾಗಲಿಲ್ಲ. ಹೇಳಲು ನಾಚಿಕೆಯಾಗಿತ್ತು ಎಂದು ಹೇಳಲೂ ನಾಚಿಕೆಯಾಯಿತು. ನಾಗಣ್ಣ ಹಗ್ಗ ಸುತ್ತಿ ಹೆಗಲಿಗೆ ಹಾಕಿದ, ನಾಲ್ಕು ಹೆಜ್ಜೆ ಹೋಗಿ ನಿಂತ.

"ಸಂಜೆ ನಾಲ್ಕಕ್ಕೆ ಮತ್ತೆ ಬಲೆ ಹಾಕ್ತೇವೆ. ಹಗ್ಗಕ್ಕೆ ಜನ ಕಮ್ಮಿ. ಬಂದ್ರೆ ಪಾಲು ಅದೆ."

"ಬರ್ತೆ ನಾಗಣ್ಣಾ" ಎಂದ ದಿನೇಶ.

"ಬಾ" ಎಂದ ನಾಗಣ್ಣ. "ಆದ್ರೆ ನಡ್ಕಂಡೇ ಬಾ, ಮಾರಾಯಾ."