ಕೊಲ್ಲದ ಔಷಧ

...ಅಂದು ಅವ್ವ ಉಂಡದ್ದು ನಿಜ, ಆದರೆ ಎರಡು ರೊಟ್ಟಿಯೋ ಒಂದೂವರೆಯೋ ಎಂಬುದರಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅದು ಒಡೆಯನ ಮುಖ ನೋಡಿ ಮಾತಾಡುವ ಆಳಿನಂಥದ್ದು. ಹಾಗಾಗಿ ನನ್ನ ಹೆಂಡತಿಯೂ ಒಪ್ಪುವಷ್ಟನ್ನು ಮಾತ್ರ ಹೇಳುತ್ತೇನೆ.

ಆ ವರ್ಷ ನಮ್ಮೂರು ಭೋಜದಲ್ಲಿ ನಮ್ಮ ಸೋಯಾಬೀನಿಗೆ ಎಲೆ ತಿನ್ನುವ ಹುಳ ಬಿತ್ತು. ನಮ್ಮದು ಜೈನರ ಮನೆ, ಚಾತುರ್ಮಾಸದ ದಿನಗಳು. "ಈ ನಾಕ ತಿಂಗಳದಾಗ ಹೊಲದಾಗ ಜೀವ ಕೊಂದಿ ಅಂದ್ರ, ನಾ ಈ ಮನ್ಯಾಗ ಉಣ್ಣೂದಿಲ್ಲ ನೋಡಪಾ," ಎಂದು ಅವ್ವ ಹೇಳಿಬಿಟ್ಟಿದ್ದಳು. ಅವಳ ಹಟ ನನಗೆ ಗೊತ್ತು. ನನ್ನದೂ ಅಲ್ಲಿಂದಲೇ ಬಂದದ್ದು. ಬೆಳೆಯನ್ನೂ ಉಳಿಸುತ್ತೇನೆ, ಅವ್ವನಿಗೂ ಉಣಿಸುತ್ತೇನೆ ಎಂದು ನಿಪ್ಪಾಣಿಗೆ ಹೋದೆ. ಔಷಧದಂಗಡಿಯವನು ಒಂದು ಬಾಟಲಿ ಮುಂದಿಟ್ಟ. "ಇದು ಲಗೂನ ಕೊಲ್ಲೂದಿಲ್ರಿ ಅಣ್ಣಾರ. ಹುಳಾ ಬೆಳೀಬೇಕಂದ್ರ ಪೊರೆ ಬಿಡಬೇಕಲ್ರಿ? ಇದು ಹೊಸಾ ಚರ್ಮ ಸರಿಯಾಗಿ ಕಟ್ಟಾಕ ಬಿಡೂದಿಲ್ಲ. ನಾಕೈದ ದಿನಾ ತಡೀರಿ." 'ಲಗೂನ', ಅಂದರೆ ಬೇಗ, ಎಂಬ ಆ ಒಂದು ಮಾತು ಬಸ್ಸಿನಲ್ಲಿ ಎಲ್ಲಿ ಬಿದ್ದುಹೋಯಿತೋ! ಮನೆಗೆ ಬಂದು, "ಅವ್ವಾ, ಇದು ಕೊಲ್ಲೂದಿಲ್ಲ, ಬೆಳಿಯಾಕ ಬಿಡೂದಿಲ್ಲ ಅಷ್ಟ," ಎಂದೆ. ಅವ್ವ ಬಾಟಲಿಯನ್ನು ದೂರದಿಂದಲೇ ನೋಡಿ ಹೂಂಗುಟ್ಟಿದಳು.

ಔಷಧ ಹೊಡೆದ ಮರುದಿನ ಹುಳುಗಳು ಎಂದಿನಂತೆ ಪಂಕ್ತಿಗೆ ಕೂತಿದ್ದವು. ಪಕ್ಕದ ಹೊಲದ ಮಾರುತಿ ಕಾಕಾ ಬದುವಿನಿಂದ ಕೂಗಿದರು: "ಏನೋ ಅಜಿತ, ಹುಳಕ್ಕ ಟಾನಿಕ್ ಹೊಡದೀಯೇನ್ಲೇ? ಮೈಕೈ ತುಂಬಿಕೊಂಡಾವಲ್ಲೋ!"

"ತಡೀರಿ ಕಾಕಾ, ಎಲ್ಲಾ ಸಾಯ್ತಾವ."

ಮನೆಯಲ್ಲಿ ಅವ್ವ, "ಹೆಂಗದಾವೋ?" ಎಂದರೆ, "ಎಲ್ಲಾ ಆರಾಮ ಅದಾವ ಬೇ," ಎನ್ನುತ್ತಿದ್ದೆ. ಬದುವಿನ ಮೇಲೆ ಕೊಲೆಗಾರ, ಹೊಸ್ತಿಲ ಒಳಗೆ ಸಾಧು. ಕಾಕಾ ತಮ್ಮ ಘಾಟು ವಿಷದ ಡಬ್ಬಿಯನ್ನೇ ಎತ್ತಿಕೊಂಡು ಬಂದರು. ನಾನು ಅದನ್ನು ಮುಟ್ಟಲಿಲ್ಲ. ಕಾಯುತ್ತೇನೆ ಎಂದರೆ ಕಾಯುತ್ತೇನೆ.

ಕೊನೆಗೊಂದು ದಿನ ಹುಳುಗಳು ತಿನ್ನುವುದನ್ನು ಬಿಟ್ಟವು. "ಕಾಕಾ, ಬಂದು ನೋಡ್ರಿ, ಸತ್ತಾವ!" ಎಂದು ಕುಣಿದು ಹಿಂತಿರುಗಿದರೆ ಅವ್ವ ನಿಂತಿದ್ದಳು. ಬಗ್ಗಿ ಒಂದು ಎಲೆ ತಿರುಗಿಸಿದಳು. ಹುಳ ಹಳೆಯ ಪೊರೆಯಿಂದ ಅರ್ಧ ಹೊರಬಂದು, ಅಲ್ಲೇ ಸಿಕ್ಕಿಕೊಂಡು ಕಪ್ಪಾಗಿತ್ತು.

"ಇದು ಬೆಳೀಲಾರದ ಉಳದದ್ದೇನೋ?"

"ಹೂಂ ಬೇ."

"ಮತ್ತ ಯಾಕ ಅಳ್ಳಾಡವಲ್ದು?"

ಅವ್ವ ಎಲೆಯನ್ನು ಮೊದಲಿದ್ದಂತೆಯೇ ಇಟ್ಟು ಮನೆಯ ಕಡೆ ನಡೆದಳು.

ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಮನೆ ನಮ್ಮದು. ಬಿಸಿಲು ಗೋಡೆಯ ತುದಿಗೆ ಏರಿತ್ತು. ಹೆಂಡತಿ ಒಲೆಯ ಮುಂದೆ, ನಾನು ಬಾಗಿಲಲ್ಲಿ, ಅವ್ವನ ತಾಟು ಖಾಲಿ. ಅವಳು ಬಂದು ಕೂತು ಸೊಸೆಗೆ, "ರೊಟ್ಟಿ ಹಾಕವಾ," ಎಂದಳು. ನನ್ನ ಕಡೆ ನೋಡಲಿಲ್ಲ. ನನ್ನನ್ನು ನಂಬಿದಳೋ, ಮಗನ ಹಟದ ಮುಂದೆ ತನ್ನದನ್ನು ಬಿಟ್ಟಳೋ, ಬರೀ ಹಸಿದಿದ್ದಳೋ? ಕೇಳಿದ್ದರೆ ಹೇಳುತ್ತಿದ್ದಳೇನೋ. ನಾನು ನನ್ನ ತಾಟನ್ನೂ ಮುಂದಿಟ್ಟೆ. ಅವಳು ಯಾಕೆ ಉಂಡಳು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.