ಮೊದಲ ಮೂಳೆ ಕಾಣೆಯಾದ ದಿನ

ಊರಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದ ಕಾವಲುಗಾರ ಕೂಗಿಕೊಂಡ. ಒಳಗೆ ಮೂಳೆ ಇರಲಿಲ್ಲ.

ಊರಾಚೆಯ ಗುಂಡಿಯಲ್ಲಿ ಮೊಟ್ಟಮೊದಲು ಸಿಕ್ಕಿದ, ಕಲ್ಲಾಗಿ ಹೋದ ದವಡೆ ಅದು. ಆಗ ಊರೆಲ್ಲ ಅದನ್ನು ರಾಕ್ಷಸನದೆಂದು ಹೆದರಿ ದೂರ ನಿಂತಿತ್ತು. ಇಳಿದು ಅಗೆದು ತಂದವರು ಕಾವಲುಗಾರನ ಮಾವ, ಅಗೆತದ ಮೇಸ್ತ್ರಿ. ಮೊನ್ನೆ ಅವರು ತೀರಿಕೊಂಡಾಗಿನಿಂದ ಈ ಕೋಣೆ ಮುಚ್ಚಿತ್ತು. ಇಂದು ಗುಂಡಿಯ ಚರಿತ್ರೆ ಬರೆಯಲು ವಿದ್ವಾಂಸರು ಬರುವವರಿದ್ದರು. ಮೂಳೆ ಇಲ್ಲವೆಂದರೆ ಕಾವಲುಗಾರನಿಗೆ ಕೆಲಸವೂ ಇಲ್ಲ.

"ನಾಯಿ ಕೆಲಸವೇ ಇರ್ಬೇಕು," ಎಂದ ಪಕ್ಕದ ಕ್ಷೌರಿಕ, ಕತ್ತರಿ ಹಿಡಿದೇ ಓಡಿಬಂದು.

"ಅದು ಕಲ್ಲು ಕಣಯ್ಯ!"

"ಹಾಗಾದ್ರೆ ಹಲ್ಲು ಮುರಿದಿರೋ ನಾಯಿ ಹುಡುಕು."

ದಿಕ್ಕುಗೆಟ್ಟ ಕಾವಲುಗಾರ ನಿಜವಾಗಿಯೂ ಹುಡುಕಿದ. ಒಂದು ನಾಯಿಯ ಬಾಯಿ ಬಿಡಿಸಿ ನೋಡಿದ; ಇನ್ನೊಂದು ತಾನೇ ಬಾಯಿ ಬಿಟ್ಟು ಅವನ ಷರಾಯಿ ಹರಿದುಹಾಕಿತು. ಕೊನೆಗೆ ಕಟುಕನ ಅಂಗಡಿಯಿಂದ ಕೋಣನ ದವಡೆ ತಂದು, ಮಣ್ಣು ಬಳಿದು ಪೆಟ್ಟಿಗೆಯಲ್ಲಿಟ್ಟ. ಮದುವೆಮನೆಗೆ ನೆಂಟರು ಬಂದಂತೆ ನೊಣಗಳು ಬಂದವು.

ಮೇಸ್ತ್ರಿಯ ಕಥೆ ಕೇಳಲೆಂದು ಅವರ ಹೆಂಡತಿಯನ್ನು, ಅಂದರೆ ಕಾವಲುಗಾರನ ಅತ್ತೆಯನ್ನು, ಕರೆದುಕೊಂಡು ವಿದ್ವಾಂಸರೂ ಬಂದರು. ಬಗ್ಗಿ ನೋಡಿದರು.

"ಕೋಟಿ ವರ್ಷದ ಮೂಳೆಗೆ ಇವತ್ತಿನ ನೊಣವೇನಪ್ಪ?"

ಕಾವಲುಗಾರ ಬೆವರೊರೆಸಿಕೊಂಡು ಎಲ್ಲ ಒಪ್ಪಿಕೊಂಡ. ಅತ್ತೆ ಗಲ್ಲದ ಮೇಲೆ ಕೈಯಿಟ್ಟರು.

"ಅಯ್ಯೋ ಅಳಿಯಂದ್ರೇ, ಬಿರುಕು ಬಿಟ್ಟಿದೆ ಅಂತ ನಿಮ್ಮ ಮಾವನೋರೇ ಅದನ್ನ ಮನೆಗೆ ತಂದಿದ್ರು! ಗುಂಡಿಯಿಂದ ಮೂಳೆ ತೆಗೆಯೋವಾಗ ಒಡೀಬಾರ್ದು ಅಂತ ಮಾಡ್ತಿದ್ರಲ್ಲ ಹಾಗೇ, ಮುರಿದ ಕಾಲಿಗೆ ಕಟ್ಟೋ ಥರ, ಗೋಣಿಬಟ್ಟೆ ಸುತ್ತಿ ಗಾರೆ ಮೆತ್ತಿಟ್ಟಿದ್ರು."

"ಆ ಗಂಟು ಈಗೆಲ್ಲಿ, ಅತ್ತೆ?"

"'ಇದು ಮಾವನ ಉಳಿ-ಸುತ್ತಿಗೆ, ಅವರ ಜೊತೆಗೇ ಹೋಗ್ಲಿ' ಅಂತ ಬಿಚ್ಚೂ ನೋಡ್ದೆ ಅಳ್ತಾ, ಮಣ್ಣು ಮಾಡೋವಾಗ ಅವರ ತಲೆ ಕೆಳಗೆ ಇಟ್ಟೋರು ನೀವೇ ಅಲ್ವಾ! ಬೇಡ ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ."

ಕಾವಲುಗಾರ ತಲೆಯ ಮೇಲೆ ಕೈ ಹೊತ್ತು ಕೂತ. ವಿದ್ವಾಂಸರ ಕಣ್ಣು ಮಾತ್ರ ಹೊಳೆಯಿತು. ಚೀಲದಿಂದ ಮಣ್ಣು ಕೆದಕುವ ಕರಣೆ ತೆಗೆದು ಮೆಲ್ಲಗೆ ಕೇಳಿದರು: "ಎಷ್ಟು ಆಳ?"

"ಅವರನ್ನ ಮುಟ್ಟಿದ್ರೆ," ಅತ್ತೆ ಅಳಿಯನನ್ನೇ ನೋಡುತ್ತ ಹೇಳಿದರು, "ನನ್ನ ಬಾಗಿಲು ತುಳೀಬೇಡಿ."

ಅತ್ತ ಕೆಲಸ, ಇತ್ತ ಅತ್ತೆ. ಕಾವಲುಗಾರ ಕಣ್ಣು ಮುಚ್ಚಿ ಕೈ ಮುಗಿದ.

"ದೇವರೇ, ಮಣ್ಣಲ್ಲಿ ಮಲಗಿದ್ದವರನ್ನು ಬದುಕಿಡೀ ಅಗೆದು ಎಬ್ಬಿಸಿದ ಜೀವ ಅದು. ಅದನ್ನು ಮಾತ್ರ ಯಾರೂ ಎಬ್ಬಿಸದಿರಲಿ. ಮಾವನವರಿಗೆ ನಿನ್ನ ನೆರಳಿನಲ್ಲಿ ಶಾಂತಿ ಸಿಗಲಿ."